ಬಿಟ್ಟು ಹೋಗುವ ಮುಂಚೆ ಕೂತು ಮಾತಾಡಿ

ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ನನ್ನ ಮಕ್ಕಳೇ,

ನಿಮ್ಮಲ್ಲಿ ಕೆಲವರು ಈಗ ಪೈಲಟ್ ಆಗುವ ಮಾತಾಡುತ್ತಿದ್ದೀರಿ. ಕೇಳಿ ಹಿಗ್ಗಿದ್ದೇನೆ. ನಮ್ಮ ಕಾಲದಲ್ಲಿ ವಿಮಾನದ ಸದ್ದು ಕೇಳಿದರೆ ಕಳೆ ತೆಗೆಯುವುದನ್ನು ಬಿಟ್ಟು ತಲೆ ಎತ್ತಿ ನೋಡುತ್ತಿದ್ದೆವು, ಅಷ್ಟೇ ನಂಟು. ಈಗ ಕಲಬುರಗಿಗೆ 2019ರಲ್ಲಿ ವಿಮಾನ ನಿಲ್ದಾಣ ಬಂದಿದೆ, ಅಲ್ಲಿಯೇ ಹಾರಾಟ ಕಲಿಸುವ ಶಾಲೆಗಳೂ ನಡೆಯುತ್ತಿವೆ. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇದೆ. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿದವರು ವೈದ್ಯಕೀಯ ತಪಾಸಣೆಯಲ್ಲಿ ಗೆದ್ದು, 200 ಗಂಟೆ ಹಾರಾಟ ಮುಗಿಸಿ, ಪರೀಕ್ಷೆ ಪಾಸಾದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಕೈಗೆ ಬರುತ್ತದೆ. ನಮ್ಮ ದೇಶದ ಪೈಲಟ್‌ಗಳಲ್ಲಿ ಸುಮಾರು ಶೇ 15ರಷ್ಟು ಮಂದಿ ಹೆಣ್ಣುಮಕ್ಕಳು. ಜಗತ್ತಿನ ಸರಾಸರಿಗಿಂತ ಇದು ಬಹಳ ಹೆಚ್ಚು. ಹಾಗಾಗಿ ಈ ಮಾತು ಮಗನಿಗೆ ಎಷ್ಟೋ ಮಗಳಿಗೂ ಅಷ್ಟೇ.

ಹಾರುವುದನ್ನು ಕಲಿಸಲು ಶಾಲೆಗಳಿವೆ. ಕೆಲಸಕ್ಕೆ ಸೇರುವಾಗ ಮುಂದಿಡುವ ಕಾಗದವನ್ನು ಓದುವುದು, ಅನ್ಯಾಯವಾದಾಗ ಕೇಳುವುದು, ಬಿಡಬೇಕಾದಾಗ ಸರಿಯಾಗಿ ಬಿಡುವುದು, ಇವನ್ನು ಯಾವ ಶಾಲೆಯೂ ಕಲಿಸುವುದಿಲ್ಲ. ಕಳೆದ ಕೆಲವು ವರ್ಷಗಳಲ್ಲಿ ನಮ್ಮ ವಿಮಾನಯಾನ ಸಂಸ್ಥೆಗಳಲ್ಲಿ ನಡೆದ ಗೊಂದಲಗಳಿಗೆಲ್ಲ ಈ ಮೂರು ಕಡೆಯೇ ಬೇರು ಇದೆ. ಪೈಲಟ್‌ಗಳು ಒಳಗೊಳಗೇ ಬೇಯುತ್ತಾರೆ, ಒಂದು ದಿನ ಏಕಾಏಕಿ ಬಿಟ್ಟು ಹೋಗುತ್ತಾರೆ. ಸಹಿಸಿಕೊಳ್ಳುವುದು ಮತ್ತು ಬಿಟ್ಟುಹೋಗುವುದು, ಈ ಎರಡರ ನಡುವೆ ಮೂರನೆಯ ದಾರಿ ಇದೆ. ಕೂತು ಮಾತಾಡುವುದು, ಆಡಿದ್ದನ್ನು ಬರೆಸಿಕೊಳ್ಳುವುದು. ನಾನು ನಿಮಗೆ ಹೇಳಬೇಕೆಂದಿರುವುದು ಇದೊಂದೇ ಮಾತು.

ಇದನ್ನು ನಾನು ಪುಸ್ತಕದಿಂದ ಕಲಿತಿಲ್ಲ. ಗಣಿ ಸೀಮೆಯಲ್ಲಿ ಬೆಳೆದವನು ನಾನು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯನ್ನು ನೋಡಿ ಕಲಿತೆ. ಅಲ್ಲಿ 1947ರಲ್ಲಿ ನಿಜಾಮ ಸರ್ಕಾರದ ಕಾಲಕ್ಕೆ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂಬ ಹೆಸರಲ್ಲಿ ಕಂಪನಿ ಶುರುವಾಯಿತು. 1956ರಲ್ಲಿ ಹಟ್ಟಿ ಚಿನ್ನದ ಗಣಿ ಕಂಪನಿ ಎಂದು ಹೆಸರು ಬದಲಾಗಿ ಈಗ ಕರ್ನಾಟಕ ಸರ್ಕಾರದ ಉದ್ಯಮವಾಗಿದೆ. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು, ಹಟ್ಟಿ ಉಳಿಯಿತು. ಎರಡು ಸಾವಿರ ಅಡಿಗೂ ಹೆಚ್ಚು ಆಳಕ್ಕೆ ಇಳಿದು ಅದಿರು ಒಡೆಯುವ ಜನ ಅಲ್ಲಿ ಗುಪ್ತ ಮತದಾನದಿಂದ ತಮ್ಮ ಕಾರ್ಮಿಕ ಸಂಘವನ್ನು ಆರಿಸುತ್ತಾರೆ. ಚುನಾವಣೆ ಬಂತೆಂದರೆ ಊರೆಲ್ಲ ಬಾವುಟ, ಗೇಟ್ ಸಭೆ, ಮನೆ ಮನೆ ಪ್ರಚಾರ. ಗೆದ್ದ ಸಂಘವೇ ಆಡಳಿತದ ಎದುರು ಕುರ್ಚಿ ಹಾಕಿಕೊಂಡು ಕೂರುತ್ತದೆ.

ವೇತನ ಒಪ್ಪಂದ ಆಗುವ ಬಗೆಯನ್ನು ನೀವು ತಿಳಿದಿರಬೇಕು. ಮೊದಲು ಬೇಡಿಕೆ ಪಟ್ಟಿ ತಯಾರಾಗುತ್ತದೆ. ಅದರಲ್ಲಿ ಮೂಲ ವೇತನ, ತುಟ್ಟಿಭತ್ಯೆ, ಭೂಗತ ಕೆಲಸದ ಭತ್ಯೆ, ರಾತ್ರಿ ಪಾಳಿ, ಆಸ್ಪತ್ರೆ, ಕ್ವಾರ್ಟರ್ಸ್ ಎಲ್ಲವೂ ಸಾಲು ಸಾಲಾಗಿ ಇರುತ್ತವೆ. ಕೇಳಿದ್ದೆಲ್ಲ ಸಿಗುವುದಿಲ್ಲ ಎಂದು ಬರೆಯುವವರಿಗೂ ಗೊತ್ತು, ಓದುವವರಿಗೂ ಗೊತ್ತು. ಆಡಳಿತ ತನ್ನ ಲೆಕ್ಕ ಇಡುತ್ತದೆ. ಮಾತು ಮುರಿಯುತ್ತದೆ, ಮತ್ತೆ ಸೇರುತ್ತದೆ. ಇಬ್ಬರ ನಡುವೆ ಬಗೆಹರಿಯದಿದ್ದರೆ ಕಾರ್ಮಿಕ ಇಲಾಖೆಯ ರಾಜಿ ಅಧಿಕಾರಿ ನಡುವೆ ಕೂರುತ್ತಾರೆ. ಕೊನೆಗೆ ಆದ ಒಪ್ಪಂದಕ್ಕೆ ಎರಡೂ ಕಡೆಯವರು ಸಹಿ ಹಾಕುತ್ತಾರೆ. 1947ರ ಕೈಗಾರಿಕಾ ವಿವಾದ ಕಾಯ್ದೆ ಇಂಥ ಒಪ್ಪಂದಕ್ಕೆ ಗಟ್ಟಿ ಬುನಾದಿ ಹಾಕಿತು. ಅವಧಿ ಮುಗಿದ ಮಾತ್ರಕ್ಕೆ ಒಪ್ಪಂದ ಬಿದ್ದುಹೋಗುವುದಿಲ್ಲ, ಯಾವುದಾದರೂ ಒಂದು ಕಡೆಯವರು ಲಿಖಿತ ನೋಟಿಸ್ ಕೊಟ್ಟು ಎರಡು ತಿಂಗಳು ಕಳೆಯುವ ತನಕ ಅದೇ ನಡೆಯುತ್ತದೆ ಎಂದು ಆ ಕಾಯ್ದೆ ಹೇಳಿತ್ತು. ಅಕ್ಷರ ಬಾರದ ಗಣಿ ಕಾರ್ಮಿಕನಿಗೂ ತನ್ನ ಒಪ್ಪಂದದ ಕಲಮುಗಳು ಬಾಯಿಪಾಠ ಇದ್ದುದನ್ನು ನಾನು ಕಂಡಿದ್ದೇನೆ. ಇಂಗ್ಲಿಷಿನಲ್ಲಿ ಓದಿ ಬರೆದ ನೀವು ಸಹಿ ಹಾಕಿದ ಕಾಗದವನ್ನು ಮೊಬೈಲಿನಲ್ಲಿ ಎಲ್ಲಿ ಇಟ್ಟಿದ್ದೀರಿ ಎಂಬುದನ್ನೇ ಮರೆಯುತ್ತೀರಲ್ಲ, ಅದು ನನಗೆ ನೋವಿನ ಸಂಗತಿ.

ಮೊದಲನೆಯ ಮಾತು: ಸಹಿ ಹಾಕುವ ಮುಂಚೆ ಕಾಗದವನ್ನು ಪೂರ್ತಿ ಓದಿ.

ಸಿಂಧನೂರು ಕಡೆಯ ಒಬ್ಬ ಹುಡುಗಿ ತನ್ನ ನೇಮಕಾತಿ ಪತ್ರವನ್ನು ಪ್ರಿಂಟ್ ಹಾಕಿಸಿಕೊಂಡು ನಮ್ಮ ಮನೆಗೆ ಬಂದಿದ್ದಳು. ಅಪ್ಪ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವರು. ಮಗಳ ತರಬೇತಿಗೆಂದು ಕಾಲುವೆ ಕೆಳಗಿನ ಗದ್ದೆ ಮಾರಿದ್ದರು.

"ಅಜ್ಜಾ, ಒಂದ್ಸಲ ನೋಡ್ರಿ. ನಾಳೇನ ಸಹಿ ಮಾಡಿ ಕಳಸಬೇಕಂತ."

"ನೀ ಓದೀಯೇನವ್ವಾ?"

"ಸಂಬಳದ ಪುಟ ಓದೀನ್ರಿ."

ಉಳಿದ ಪುಟಗಳನ್ನು ಇಬ್ಬರೂ ಕೂತು ಓದಿದೆವು. ಸಂಬಳದ ಕೆಳಗೆ ಸಣ್ಣ ಅಕ್ಷರದಲ್ಲಿ ಖಾತರಿ ಹಾರಾಟದ ಗಂಟೆ ಎಂದಿತ್ತು. ತಿಂಗಳಿಗೆ ಇಷ್ಟು ಗಂಟೆಗೆ ಕಂಪನಿ ಖಾತರಿ ಕೊಡುತ್ತದೆ, ಅದಕ್ಕಿಂತ ಕಡಿಮೆ ಹಾರಿದರೂ ಅಷ್ಟರ ಹಣ ಬರುತ್ತದೆ, ಹೆಚ್ಚು ಹಾರಿದರೆ ಗಂಟೆ ಲೆಕ್ಕದಲ್ಲಿ ಬರುತ್ತದೆ. ಅಂದರೆ ಗಂಟೆಯ ದರ ಎಷ್ಟೇ ಚೆಂದ ಕಂಡರೂ ಖಾತರಿ ಗಂಟೆ ಕಡಿಮೆಯಿದ್ದರೆ ತಿಂಗಳ ಕೊನೆಗೆ ಕೈಗೆ ಬರುವ ಹಣ ಕಡಿಮೆಯೇ. ಅವಳು ಮನಸ್ಸಿನಲ್ಲಿ ಹಾಕಿಕೊಂಡಿದ್ದ ಲೆಕ್ಕ ಪೂರ್ತಿ ರೋಸ್ಟರ್ ಸಿಕ್ಕಾಗಿನದು. ಮುಂದಿನ ಪುಟದಲ್ಲಿ ಬಾಂಡ್ ಇತ್ತು. ಒಂದು ಬಗೆಯ ವಿಮಾನಕ್ಕೆ ಕೊಡುವ ವಿಶೇಷ ತರಬೇತಿ, ನೀವೆಲ್ಲ ಟೈಪ್ ರೇಟಿಂಗ್ ಅನ್ನುತ್ತೀರಲ್ಲ, ಅದರ ಖರ್ಚಿಗೆ ಪ್ರತಿಯಾಗಿ ಇಷ್ಟು ವರ್ಷ ದುಡಿಯಬೇಕು, ನಡುವೆ ಬಿಟ್ಟರೆ ಇಷ್ಟು ಹಣ ಕಟ್ಟಬೇಕು. ಆ ವರ್ಷಗಳ ಎಣಿಕೆ ಕೆಲಸಕ್ಕೆ ಸೇರಿದ ದಿನದಿಂದಲೋ ತರಬೇತಿ ಮುಗಿದ ದಿನದಿಂದಲೋ ಎಂಬುದು ಸ್ಪಷ್ಟವಿರಲಿಲ್ಲ. ವರ್ಷ ಕಳೆದಂತೆ ಕಟ್ಟಬೇಕಾದ ಹಣ ಇಳಿಯುತ್ತದೋ ಇಲ್ಲವೋ ಎಂಬುದೂ ಇರಲಿಲ್ಲ. ಊರು ಬದಲಿಸಿದರೆ ಮನೆ ಖರ್ಚು ಯಾರದು, ಕಾಯಿಲೆ ಬಿದ್ದು ಮೆಡಿಕಲ್ ಫಿಟ್‌ನೆಸ್ ಕಳೆದುಕೊಂಡರೆ ಬಾಂಡ್ ಉಳಿಯುತ್ತದೋ, ಇವಕ್ಕೂ ಉತ್ತರವಿರಲಿಲ್ಲ.

ಪ್ರಶ್ನೆಗಳನ್ನೆಲ್ಲ ಬರೆದು ಇಮೇಲ್ ಮಾಡಲು ಹೇಳಿದೆ. "ಹಿಂಗ ಕೇಳಿದ್ರ ಕೆಲಸಾನ ಕೊಡಲ್ಲ ಅಂದ್ರ?" ಎಂದು ಹೆದರಿದಳು. ಹೆದರಿಕೊಂಡೇ ಕಳಿಸಿದಳು. ಉತ್ತರ ಬಂತು. ಎಣಿಕೆ ಯಾವ ದಿನದಿಂದ ಎಂಬುದನ್ನು ಅವರು ಲಿಖಿತವಾಗಿ ತಿಳಿಸಿದರು, ಬಾಂಡ್ ಹಣ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ ಎಂದೂ ಹೇಳಿದರು. ಉಳಿದವು ಬದಲಾಗಲಿಲ್ಲ. ಆದರೂ ಅವಳು ಸಹಿ ಹಾಕುವಾಗ ತನ್ನ ಮುಂದೆ ಏನಿದೆ ಎಂದು ತಿಳಿದು ಹಾಕಿದಳು. ಮರ್ಯಾದೆಯಿಂದ ಕೇಳಿದ ಪ್ರಶ್ನೆಗೆ ಸಿಟ್ಟಾಗುವ ಕಂಪನಿ ಇದ್ದರೆ, ಅದು ಎಂಥದ್ದೆಂದು ಸೇರುವ ಮುಂಚೆಯೇ ನಿಮಗೆ ತಿಳಿದಂತಾಯಿತು.

ಬಾಂಡ್ ಎನ್ನುವುದು ನಮ್ಮ ಸೀಮೆಗೆ ಹೊಸದಲ್ಲ. ಗುಳೆ ಹೋಗುವವರಿಗೆ ಮೇಸ್ತ್ರಿ ಕೊಡುವ ಮುಂಗಡ ನಿಮಗೆ ಗೊತ್ತು. ಮುಂಗಡ ತೀರುವ ತನಕ ಬೆಂಗಳೂರಿನ ಕಟ್ಟಡದಿಂದ ಊರಿಗೆ ಬರಲಾಗದೆ ಹಬ್ಬ ತಪ್ಪಿಸಿಕೊಂಡವರು ಎಷ್ಟು ಜನ. ಪೈಲಟ್‌ನ ಬಾಂಡ್ ಕಾನೂನಿನ ಚೌಕಟ್ಟಿನೊಳಗಿನ ಕರಾರು, ಜೀತವಲ್ಲ, ನಿಜ. ಆದರೆ ಮುಂಗಡ ಪಡೆದವನು ಕೇಳಿಕೊಳ್ಳಬೇಕಾದ ಪ್ರಶ್ನೆಯನ್ನೇ ನೀವೂ ಕೇಳಿಕೊಳ್ಳಬೇಕು: ಇದು ಯಾವಾಗ, ಹೇಗೆ ತೀರುತ್ತದೆ?

"ಬಾಂಡ್‌ಗೆಲ್ಲ ಕೋರ್ಟಿನಲ್ಲಿ ಬೆಲೆ ಇಲ್ಲ" ಎಂದು ಹೇಳುವ ಗೆಳೆಯರ ಮಾತು ನಂಬಬೇಡಿ. ನಮ್ಮ ರಾಜ್ಯದಲ್ಲೇ ಹುಟ್ಟಿ ಬೆಳೆದ ವಿಜಯಾ ಬ್ಯಾಂಕಿನ ಪ್ರಕರಣವೊಂದಿದೆ. ಮೂರು ವರ್ಷ ದುಡಿಯದೆ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕು ಎಂಬ ಷರತ್ತು ಅಲ್ಲಿತ್ತು. ಕರ್ನಾಟಕ ಹೈಕೋರ್ಟ್ ಉದ್ಯೋಗಿಯ ಪರ ನಿಂತಿತ್ತು. ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಅದನ್ನು ತಿರುಗಿಸಿ ಷರತ್ತು ಸರಿ ಎಂದಿತು. ಕೆಲಸದಲ್ಲಿರುವಾಗಿನ ಅವಧಿಗೆ ಹಾಕಿದ ಇಂಥ ಷರತ್ತು ದುಡಿಮೆಯ ಹಕ್ಕನ್ನು ಕಸಿಯುವುದಿಲ್ಲ, ಮೊತ್ತವೂ ವಿಪರೀತವಲ್ಲ ಎಂಬುದು ಅದರ ಸಾರ. ಮೊತ್ತ ವಿಪರೀತವಾಗಿದ್ದರೆ ಪ್ರಶ್ನಿಸಲು ಜಾಗ ಈಗಲೂ ಇದೆ. ಆದರೆ ಹಾಕಿದ ಸಹಿಗೆ ಬೆಲೆ ಇದೆ ಎಂದು ತಿಳಿದೇ ಪೆನ್ನು ಹಿಡಿಯಿರಿ.

ಎರಡನೆಯ ಮಾತು: ಬಾಯಿಮಾತಿನ ಭರವಸೆಯನ್ನು ಬರೆಸಿಕೊಳ್ಳಿ.

"ಆರು ತಿಂಗಳಲ್ಲಿ ಹೈದರಾಬಾದಿಗೆ ಹಾಕುತ್ತೇವೆ", "ಎರಡು ವರ್ಷದಲ್ಲಿ ಕ್ಯಾಪ್ಟನ್ ಮಾಡುತ್ತೇವೆ" ಎಂದು ಹೇಳಿದವರು ಮುಂದಿನ ವರ್ಷ ಆ ಕಂಪನಿಯಲ್ಲೇ ಇರುವುದಿಲ್ಲ. ಇಮೇಲ್‌ನಲ್ಲಿ ಒಂದು ಸಾಲು ಇದ್ದರೂ ಸಾಕು, ಅದು ಉಳಿಯುತ್ತದೆ. ಮಸ್ಕಿಯಲ್ಲಿ ಹುಟ್ಟಿದವರಿಗೆ ಬರಹದ ಆಯುಸ್ಸನ್ನು ನಾನು ಹೇಳಿಕೊಡಬೇಕಿಲ್ಲ. ನಿಮ್ಮ ಊರ ಗುಡ್ಡದ ಬಂಡೆಯ ಮೇಲಿನ ಅಶೋಕನ ಶಾಸನವನ್ನು 1915ರಲ್ಲಿ ಗುರುತಿಸಿದವರು ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್. ದೇವಾನಾಂಪ್ರಿಯ ಎಂಬ ಬಿರುದಿನ ದೊರೆ ಅಶೋಕನೇ ಎಂದು ಜಗತ್ತಿಗೆ ಖಚಿತವಾದದ್ದು ಆ ಕಲ್ಲಿನಿಂದ. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಧರ್ಮದಲ್ಲಿ ನಡೆದರೆ ಎತ್ತರಕ್ಕೇರಬಹುದು, ಇಬ್ಬರಿಗೂ ಇದನ್ನು ತಿಳಿಸಬೇಕು ಎಂಬುದು ಅದರ ಆಶಯ. ಸಣ್ಣ ಊರಿನಿಂದ ಹೋದವರು ದೊಡ್ಡ ಕಚೇರಿಯಲ್ಲಿ ಕುಗ್ಗಿ ಕೂರುವುದನ್ನು ಕಂಡಾಗೆಲ್ಲ ನನಗೆ ಆ ಬಂಡೆ ನೆನಪಾಗುತ್ತದೆ. ನೀವು ಕುಗ್ಗಬೇಕಿಲ್ಲ. ಸರ್ಕಾರಿ ನೌಕರಿಯಲ್ಲಿ ನಮ್ಮ ಭಾಗಕ್ಕೆ ಸಂವಿಧಾನದ 371(ಜೆ) ವಿಧಿಯ ಆಸರೆ ಇದೆ, ಖಾಸಗಿ ಕಂಪನಿಯಲ್ಲಿ ನಿಮಗೆ ಆಸರೆ ನಿಮ್ಮ ಕರಾರು. ಅದರಲ್ಲಿ ಬರೆದಿದ್ದರೆ ಉಂಟು, ಬರೆಯದಿದ್ದರೆ ಇಲ್ಲ.

ಮೂರನೆಯ ಮಾತು: ಕೂಡಿ ಕೇಳಿ, ಹೊಣೆಯರಿತು ಕೇಳಿ.

ಒಬ್ಬನೇ ಹೋಗಿ ಬಾಗಿಲು ಬಡಿದರೆ ಅದು ದೂರು. ನೂರು ಜನ ಒಪ್ಪಿ ಕಳಿಸಿದ ಇಬ್ಬರು ಹೋಗಿ ಕೂತರೆ ಅದು ಮಾತುಕತೆ. 2009ರಲ್ಲಿ ಜೆಟ್ ಏರ್‌ವೇಸ್ ಪೈಲಟ್‌ಗಳು ಸಂಘ ಕಟ್ಟಿದರು. ಮುಂದಾಳತ್ವ ವಹಿಸಿದ ಇಬ್ಬರನ್ನು ಕಂಪನಿ ಕೆಲಸದಿಂದ ತೆಗೆಯಿತು. ಸೆಪ್ಟೆಂಬರಿನಲ್ಲಿ ನೂರಾರು ಪೈಲಟ್‌ಗಳು ಒಟ್ಟಾಗಿ ಕಾಯಿಲೆ ರಜೆ ಹಾಕಿದರು. ಐದು ದಿನ ಸಾವಿರಾರು ಪ್ರಯಾಣಿಕರು ಅಲೆದಾಡಿದ ಮೇಲೆ ಮಾತುಕತೆಯಾಗಿ ತೆಗೆದವರನ್ನು ವಾಪಸು ತೆಗೆದುಕೊಂಡರು. ಹಿಡಿದ ದಾರಿ ಸರಿಯಲ್ಲದಿದ್ದರೂ ಒಗ್ಗಟ್ಟಿಗೆ ಬಲವಿದೆ ಎಂಬುದಕ್ಕೆ ಇದು ಸಾಕ್ಷಿ.

2012ರಲ್ಲಿ ಏರ್ ಇಂಡಿಯಾದಲ್ಲಿ ಇನ್ನೊಂದು ಬಗೆಯಾಯಿತು. ಅಲ್ಲಿ ಇಂಡಿಯನ್ ಏರ್‌ಲೈನ್ಸ್ ವಿಲೀನವಾಗಿ ಎರಡು ಸಂಸ್ಥೆಗಳ ಪೈಲಟ್‌ಗಳು ಒಂದೇ ಸೂರಿನ ಕೆಳಗೆ ಬಂದಿದ್ದರು. ಹೊಸ ಡ್ರೀಮ್‌ಲೈನರ್ ವಿಮಾನದ ತರಬೇತಿ ಯಾರಿಗೆ ಎಂಬುದೇ ಜಗಳದ ಮೂಲ. ಒಂದು ಗುಂಪು ಮೇ 8ರಿಂದ 58 ದಿನ ಕೆಲಸಕ್ಕೆ ಹೋಗಲಿಲ್ಲ. ಕಂಪನಿ ನೂರಕ್ಕೂ ಹೆಚ್ಚು ಜನರನ್ನು ವಜಾ ಮಾಡಿತು. ಕೊನೆಗೆ ದೆಹಲಿ ಹೈಕೋರ್ಟಿನ ಮುಂದೆ ಮುಷ್ಕರ ಕೈಬಿಡುವ ಮಾತು ಕೊಟ್ಟು ವಾಪಸಾಗಬೇಕಾಯಿತು. ದುಡಿಯುವವರೇ ಎರಡು ಗುಂಪಾದರೆ ಗೆಲ್ಲುವುದು ಯಾರು? ಯಾರೂ ಇಲ್ಲ. ಹಟ್ಟಿಯಲ್ಲಿ ಸಂಘಗಳ ನಡುವೆ ಜಿದ್ದಾಜಿದ್ದಿ ಎಷ್ಟೇ ಇದ್ದರೂ ಮತ ಎಣಿಸಿದ ಮೇಲೆ ಮೇಜಿನ ಮುಂದೆ ಕೂರುವವರು ಯಾರೆಂಬುದು ತೀರ್ಮಾನವಾಗಿರುತ್ತದೆ. ಆ ಶಿಸ್ತು ದೊಡ್ಡದು.

2024ರ ಏಪ್ರಿಲ್ ಮೊದಲ ವಾರ ವಿಸ್ತಾರಾ ಎಂಬ ವಿಮಾನಯಾನ ಸಂಸ್ಥೆಯ ನೂರಕ್ಕೂ ಹೆಚ್ಚು ವಿಮಾನಗಳು ರದ್ದಾದವು. ಏರ್ ಇಂಡಿಯಾದೊಂದಿಗೆ ವಿಲೀನವಾಗುವ ಮುಂಚೆ ಪೈಲಟ್‌ಗಳ ಮುಂದೆ ಹೊಸ ವೇತನ ಕರಾರು ಬಂದಿತ್ತು. 70 ಗಂಟೆಯ ಖಾತರಿ 40 ಗಂಟೆಗೆ ಇಳಿದಿತ್ತು. ಆ ಹುಡುಗಿಯ ಕಾಗದದ ಸಣ್ಣ ಅಕ್ಷರದ ಸಾಲು ದೇಶದ ಸುದ್ದಿಯಾದದ್ದು ಹೀಗೆ. ಬಹಳ ಜನ ಸಹಿ ಹಾಕಿದರು, ಒಳಗೆ ಕುದಿದರು, ಆಮೇಲೆ ಕಾಯಿಲೆ ರಜೆಯ ಅರ್ಜಿಗಳು ಬಂದವು. ಸಹಿಗೆ ಮುಂಚೆ ಆಗಬೇಕಿದ್ದ ಮಾತು ಸಹಿಯ ನಂತರ ಪ್ರಯಾಣಿಕರ ತಲೆ ಮೇಲೆ ಆಯಿತು.

ಸಾಮೂಹಿಕ ಕಾಯಿಲೆ ರಜೆಯ ವಿಷಯದಲ್ಲಿ ನಾನು ಖಡಾಖಂಡಿತವಾಗಿ ಹೇಳುತ್ತೇನೆ: ಆ ದಾರಿ ಬೇಡ. ಕಾಯಿಲೆ ಇಲ್ಲದೆ ಕಾಯಿಲೆ ಎಂದು ಬರೆದುಕೊಟ್ಟವನ ನ್ಯಾಯವಾದ ಬೇಡಿಕೆಯೂ ಸುಳ್ಳಿನ ಜೊತೆ ಸೇರಿ ಬೆಲೆ ಕಳೆದುಕೊಳ್ಳುತ್ತದೆ. ಆಮೇಲೆ ನಿಜವಾಗಿ ದಣಿದು ಮಲಗಿದವನನ್ನೂ ನಂಬುವವರಿಲ್ಲ. ಕಾನೂನೂ ಬಿಗಿಯಾಗಿದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಅರ್ಧಕ್ಕೆ ಅರ್ಧ ಕಾರ್ಮಿಕರು ಮಾತಾಡಿಕೊಂಡು ಒಂದೇ ದಿನ ಸಾಂದರ್ಭಿಕ ರಜೆ ಹಾಕಿದರೆ ಅದನ್ನೂ ಮುಷ್ಕರವೆಂದೇ ಎಣಿಸುತ್ತಾರೆ, ಮುಷ್ಕರಕ್ಕೆ 14 ದಿನ ಮುಂಚಿತ ನೋಟಿಸ್ ಬೇಕು. ಮುಷ್ಕರ ಮಾಡಲೇಬೇಕಾದರೆ ಹೇಳಿ ಮಾಡಿ, ನೋಟಿಸ್ ಕೊಟ್ಟು ಮಾಡಿ. ಅದು ಕೊನೆಯ ಹತಾರ, ಮೊದಲೇ ಎತ್ತಬೇಡಿ.

ನಾಲ್ಕನೆಯ ಮಾತು: ವಿಶ್ರಾಂತಿಯನ್ನು ಹಣಕ್ಕೆ ಮಾರಬೇಡಿ.

ಸಂಬಳದಲ್ಲಿ ಚೌಕಾಸಿ ಮಾಡಬಹುದು, ಒಂದು ಹೆಜ್ಜೆ ಹಿಂದೆ ಸರಿಯಬಹುದು. ನಿದ್ದೆಯಲ್ಲಿ ಚೌಕಾಸಿ ಇಲ್ಲ. ನಿಮ್ಮ ಹಿಂದೆ ನೂರೆಂಬತ್ತು ಜನ ಕಣ್ಣು ಮುಚ್ಚಿ ಕೂತಿರುತ್ತಾರೆ. ಪೈಲಟ್ ವರ್ಷಕ್ಕೆ 1000 ಗಂಟೆಗಿಂತ ಹೆಚ್ಚು ಹಾರುವಂತಿಲ್ಲ ಎಂಬ ಮಿತಿ ಇರುವುದು ಇದಕ್ಕೇ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 2024ರ ಜನವರಿಯಲ್ಲಿ ಹೊಸ ನಿಯಮ ಪ್ರಕಟಿಸಿತು. ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸಿತು, ರಾತ್ರಿ ಪಾಳಿಯಲ್ಲಿ ವಿಮಾನ ಇಳಿಸುವ ಮಿತಿಯನ್ನು ಆರು ಸಲದಿಂದ ಎರಡಕ್ಕೆ ತಂದಿತು. ಆ ಜೂನ್‌ನಿಂದಲೇ ಜಾರಿಯಾಗಬೇಕಿತ್ತು. ಕಂಪನಿಗಳು ಸಮಯ ಕೇಳಿದವು, ಜಾರಿ ಮುಂದೆ ಹೋಯಿತು. ಪೈಲಟ್‌ಗಳ ಸಂಘಗಳು ದೆಹಲಿ ಹೈಕೋರ್ಟಿನಲ್ಲಿ ಪಟ್ಟು ಹಿಡಿದವು. ಕೊನೆಗೆ 2025ರ ಜುಲೈ ಮತ್ತು ನವೆಂಬರಿನಲ್ಲಿ ಎರಡು ಹಂತಗಳಲ್ಲಿ ಜಾರಿಗೆ ಬಂತು.

ಮುಂದೆ ಆದದ್ದನ್ನು ನೀವೆಲ್ಲ ಟಿವಿಯಲ್ಲಿ ನೋಡಿದ್ದೀರಿ. 2025ರ ಡಿಸೆಂಬರ್ ಮೊದಲ ವಾರ ದೇಶದ ಅತಿ ದೊಡ್ಡ ವಿಮಾನಯಾನ ಸಂಸ್ಥೆ ಇಂಡಿಗೋ ಸಾವಿರಾರು ಹಾರಾಟ ರದ್ದು ಮಾಡಿತು. ಡಿಸೆಂಬರ್ 5ರ ಒಂದೇ ದಿನ ಸಾವಿರಕ್ಕೂ ಹೆಚ್ಚು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಮದುವೆಗೆ ಹೊರಟವರು, ಆಸ್ಪತ್ರೆಗೆ ಹೊರಟವರು ನೆಲದ ಮೇಲೆ ಮಲಗಿದರು. ಹೊಸ ನಿಯಮಕ್ಕೆ ತಕ್ಕಷ್ಟು ಪೈಲಟ್‌ಗಳನ್ನು ಕಂಪನಿ ಹೊಂದಿಸಿಕೊಂಡಿರಲಿಲ್ಲ. ಡಿಜಿಸಿಎ ಆ ಕಂಪನಿಗೆ ರಾತ್ರಿ ಪಾಳಿಯ ಕೆಲವು ನಿಯಮಗಳಿಂದ ತಾತ್ಕಾಲಿಕ ವಿನಾಯಿತಿ ಕೊಡಬೇಕಾಯಿತು. ನಿಯಮ ಬರುತ್ತದೆ ಎಂದು ಸುಮಾರು ಎರಡು ವರ್ಷ ಮುಂಚೆಯೇ ಗೊತ್ತಿತ್ತು. ವಿಶ್ರಾಂತಿಯನ್ನು ಖರ್ಚೆಂದು ಕಂಡರೆ ಯಾವ ಬೆಲೆ ತೆರಬೇಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ. "ಈ ವಾರ ಒಂದು ರಜೆ ಬಿಟ್ಟುಕೊಡು, ಹಣ ಕೊಡುತ್ತೇವೆ" ಎಂದು ಯಾರಾದರೂ ಕೇಳಿದರೆ, ನಿಯಮದೊಳಗಿದ್ದು ಮೈಯಲ್ಲಿ ಕಸುವಿದ್ದರೆ ಮಾತ್ರ ಒಪ್ಪಿ. ದಣಿದಿದ್ದರೆ ದಣಿದಿದ್ದೇನೆ ಎಂದು ಬರೆದು ಕೊಡಿ. ಅದು ನಿಮ್ಮ ಕರ್ತವ್ಯ.

ಐದನೆಯ ಮಾತು: ಬಿಡುವುದಾದರೆ ನಿಯಮದಂತೆ ಬಿಡಿ.

ಒಳ್ಳೆಯ ಅವಕಾಶ ಬಂದರೆ ಕೆಲಸ ಬದಲಿಸುವುದು ತಪ್ಪಲ್ಲ. ಕೊಲ್ಲಿ ರಾಷ್ಟ್ರಗಳ ಕಂಪನಿಗಳು ನಮ್ಮ ಕ್ಯಾಪ್ಟನ್‌ಗಳನ್ನು ಕರೆಯುತ್ತಲೇ ಇವೆ, ಹೋದವರು ಮನೆ ಮಠ ಕಟ್ಟಿದ್ದಾರೆ. ಆದರೆ ಪೈಲಟ್ ತಯಾರಾಗಲು ವರ್ಷಗಳು ಬೇಕು. ಒಬ್ಬ ಏಕಾಏಕಿ ಹೋದರೆ ಆ ಜಾಗಕ್ಕೆ ನಾಳೆ ಬೆಳಿಗ್ಗೆ ಇನ್ನೊಬ್ಬನನ್ನು ತಂದು ಕೂರಿಸಲಾಗುವುದಿಲ್ಲ. ಹೊಸ ಕಂಪನಿಗಳು ಸಾಲು ಸಾಲಾಗಿ ಬಂದು ಒಬ್ಬರ ಪೈಲಟ್‌ಗಳನ್ನು ಇನ್ನೊಬ್ಬರು ಸೆಳೆಯತೊಡಗಿದಾಗ 2005ರಲ್ಲಿ ಡಿಜಿಸಿಎ ಆರು ತಿಂಗಳ ನೋಟಿಸ್ ಕಡ್ಡಾಯ ಮಾಡಿತು. 2017ರಲ್ಲಿ ಕ್ಯಾಪ್ಟನ್‌ಗಳಿಗೆ ಅದು ಒಂದು ವರ್ಷವಾಯಿತು, ಫಸ್ಟ್ ಆಫೀಸರ್‌ಗಳಿಗೆ ಆರು ತಿಂಗಳೇ ಉಳಿಯಿತು. ಇದು ಅತಿಯಾಯಿತು ಎಂದು ಪೈಲಟ್ ಸಂಘಗಳು ಕೋರ್ಟಿಗೆ ಹೋದವು. ಒಂದು ವರ್ಷ ಕಾಯುವ ಹೊಸ ಕಂಪನಿ ಎಲ್ಲಿದೆ ಎಂಬ ಅವರ ಅಳಲಿನಲ್ಲಿ ನನಗೂ ನ್ಯಾಯ ಕಾಣುತ್ತದೆ. ನಿಯಮವನ್ನು ಬದಲಿಸಲು ಹೋರಾಡಿ, ಆದರೆ ಅದು ಇರುವ ತನಕ ಮುರಿಯಬೇಡಿ.

2023ರಲ್ಲಿ ಆಕಾಶ ಏರ್‌ನಿಂದ 43 ಪೈಲಟ್‌ಗಳು ನೋಟಿಸ್ ಅವಧಿ ಮುಗಿಸದೆ ಹೋದರು ಎಂದು ಕಂಪನಿ ಕೋರ್ಟ್ ಮೆಟ್ಟಿಲೇರಿತು. ಕೆಲವರ ಮೇಲೆ ಪರಿಹಾರಕ್ಕಾಗಿ ಬಾಂಬೆ ಹೈಕೋರ್ಟಿನಲ್ಲಿ ದಾವೆ ಹೂಡಿತು. ಹಾರಬೇಕಾದ ಮೂವತ್ತರ ಹರೆಯದಲ್ಲಿ ವಕೀಲರ ಕಚೇರಿ ಸುತ್ತುವ ಗತಿ ನನ್ನ ಮಕ್ಕಳಿಗೆ ಬರಬಾರದು. ನೋಟಿಸ್ ಕೊಟ್ಟ ದಿನಾಂಕಕ್ಕೆ ಸ್ವೀಕೃತಿ ಪಡೆಯಿರಿ. ಕಂಪನಿ ಒಪ್ಪಿ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ, ಕೊಟ್ಟರೆ ಬೇಗ ಬಿಡಬಹುದು, ಅದಕ್ಕೆ ಮಾತಾಡಿ. ಇನ್ನೊಂದನ್ನೂ ನೆನಪಿಡಿ: ನೋಟಿಸ್ ಅವಧಿಯಲ್ಲಿ ನೀವು ಹಾರಲು ನಿರಾಕರಿಸುವಂತಿಲ್ಲ, ಹಾಗೆಯೇ ಕಂಪನಿಯೂ ನಿಮ್ಮ ನ್ಯಾಯವಾದ ಹಕ್ಕು ಸವಲತ್ತು ಕಸಿಯುವಂತಿಲ್ಲ. ಡಿಜಿಸಿಎಯ ಆ ನೋಟಿಸ್ ನಿಯಮದಲ್ಲೇ ಎರಡೂ ಇವೆ.

ಆರನೆಯ ಮಾತು: ಮುಳುಗುತ್ತಿರುವ ಕಂಪನಿಯನ್ನು ಗುರುತಿಸಲು ಕಲಿಯಿರಿ.

ಮಾತುಕತೆಗೆ ಎದುರಿನ ಕುರ್ಚಿಯಲ್ಲಿ ಕೊಡುವ ಶಕ್ತಿ ಇರುವವರು ಕೂತಿರಬೇಕು. ಬೆಂಗಳೂರಿನದೇ ಕಿಂಗ್‌ಫಿಷರ್ ಏರ್‌ಲೈನ್ಸ್ 2005ರಲ್ಲಿ ಹಾರಾಟ ಶುರುಮಾಡಿತು. ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಕಟ್ಟಿದ್ದ ಏರ್ ಡೆಕ್ಕನ್ ಅನ್ನೂ ಒಳಗೆ ಹಾಕಿಕೊಂಡಿತು. 2012ರಲ್ಲಿ ತಿಂಗಳುಗಟ್ಟಲೆ ಸಂಬಳ ಬರಲಿಲ್ಲ. ಪೈಲಟ್‌ಗಳು, ಎಂಜಿನಿಯರ್‌ಗಳು ಕೆಲಸ ನಿಲ್ಲಿಸಿದರು. ಅಕ್ಟೋಬರ್ 1ಕ್ಕೆ ಹಾರಾಟ ನಿಂತಿತು, ಅದೇ ತಿಂಗಳು 20ಕ್ಕೆ ಪರವಾನಗಿ ಅಮಾನತಾಯಿತು. ಅದು ಮತ್ತೆ ಹಾರಲಿಲ್ಲ. ನೌಕರರು ಬಾಕಿ ಸಂಬಳಕ್ಕೆ ವರ್ಷಾನುಗಟ್ಟಲೆ ಕಾದರು. 2019ರ ಏಪ್ರಿಲ್ 17ರಂದು ಜೆಟ್ ಏರ್‌ವೇಸ್ ಕೂಡ ಹಾಗೇ ನಿಂತುಹೋಯಿತು. ಬಣ್ಣದ ವಿಮಾನ, ಹೊಸ ಸಮವಸ್ತ್ರ ನೋಡಿ ಕಂಪನಿಯ ಗಟ್ಟಿತನ ಅಳೆಯಬೇಡಿ. ಸಂಬಳ ಒಂದು ತಿಂಗಳು ತಡವಾದರೆ ಲಿಖಿತವಾಗಿ ಕೇಳಿ. ಎರಡನೆಯ ಸಲ ತಡವಾದರೆ ಬೇರೆ ಕಡೆ ನೋಡಲು ಶುರು ಮಾಡಿ. ಪಿಎಫ್ ಪಾಸ್‌ಬುಕ್ ತೆರೆದು ಹಣ ಜಮೆಯಾಗಿದೆಯೇ, ಸಂಬಳದಿಂದ ಹಿಡಿದ ತೆರಿಗೆ ಸರ್ಕಾರಕ್ಕೆ ಹೋಗಿದೆಯೇ ಎಂದು ನೀವೇ ನೋಡಿಕೊಳ್ಳಿ. ಆರು ತಿಂಗಳ ಖರ್ಚಿನಷ್ಟು ಹಣ ಬ್ಯಾಂಕಿನಲ್ಲಿ ಇಟ್ಟುಕೊಂಡವರು ಮೇಜಿನ ಮುಂದೆ ನೆಟ್ಟಗೆ ಕೂತು ಮಾತಾಡುತ್ತಾರೆ. ಕಂತಿಗೆ ಕಾರು, ಕಂತಿಗೆ ಫ್ಲಾಟ್ ಎಂದು ಸೇರಿದ ವರ್ಷವೇ ಮೈತುಂಬ ಸಾಲ ಮಾಡಿಕೊಂಡವರಿಗೆ ಬಾಯಿ ಕಟ್ಟುತ್ತದೆ.

ಅಪ್ಪ ಅವ್ವಂದಿರಿಗೂ ಒಂದು ಮಾತು. ತರಬೇತಿ ಮತ್ತು ಟೈಪ್ ರೇಟಿಂಗ್ ಸೇರಿದರೆ ಖರ್ಚು ಅರ್ಧ ಕೋಟಿ ದಾಟುತ್ತದೆ. ಇದ್ದಬಿದ್ದ ಹೊಲವನ್ನೆಲ್ಲ ಒತ್ತೆ ಇಡಬೇಡಿ. ಲೈಸೆನ್ಸ್ ಸಿಕ್ಕ ಮರುದಿನವೇ ಕೆಲಸ ಸಿಗುತ್ತದೆ ಎಂಬ ಖಾತರಿ ಯಾವ ಶಾಲೆಯೂ ಕೊಡಲಾರದು. ಕಾಯುವ ತಿಂಗಳುಗಳಲ್ಲಿ ಮಗಳನ್ನೋ ಮಗನನ್ನೋ ಸಾಲದ ಮಾತು ಎತ್ತಿ ಚುಚ್ಚಬೇಡಿ. ಸಾಲದ ಒತ್ತಡಕ್ಕೆ ಸಿಕ್ಕಿದ ಕಾಗದಕ್ಕೆಲ್ಲ ಸಹಿ ಹಾಕುವ ಮಕ್ಕಳನ್ನು ನಾನು ನೋಡಿದ್ದೇನೆ. ನೀವು ಒಂದು ದಿನ ತಾಳಿದರೆ ಅವರು ಒಂದು ಪುಟ ಹೆಚ್ಚು ಓದುತ್ತಾರೆ.

ಕೊನೆಯದಾಗಿ, ನಿಮ್ಮಲ್ಲಿ ಕೆಲವರು ನಾಳೆ ಮುಖ್ಯ ಪೈಲಟ್ ಆಗುತ್ತೀರಿ, ಮ್ಯಾನೇಜರ್ ಆಗುತ್ತೀರಿ, ಮೇಜಿನ ಆ ಕಡೆ ಕೂರುತ್ತೀರಿ. ಆಗ ಈ ಕಡೆ ಕೂತಿದ್ದ ದಿನಗಳನ್ನು ಮರೆಯಬೇಡಿ. ಮಾತುಕತೆಗೆ ಬಾಗಿಲು ತೆರೆದಿಟ್ಟ ಕಂಪನಿಯಿಂದ ಜನ ಗುಂಪು ಗುಂಪಾಗಿ ಓಡಿಹೋಗುವುದಿಲ್ಲ. ಹೋಗುವವರು ಕೈಮುಗಿದು ಹೇಳಿ ಹೋಗುತ್ತಾರೆ, ಕೆಲವರು ತಿರುಗಿ ಬರುತ್ತಾರೆ.

ಪೈಲಟ್ ಆಗದ ಮಕ್ಕಳೂ ಈ ಮಾತನ್ನು ತಮ್ಮದೆಂದೇ ತಿಳಿಯಲಿ. ನೀವು ಆಸ್ಪತ್ರೆಯ ನರ್ಸ್ ಆಗಿರಬಹುದು, ಸಾಫ್ಟ್‌ವೇರ್ ಕಂಪನಿಯಲ್ಲಿರಬಹುದು, ಹಟ್ಟಿಯ ಗಣಿಯಲ್ಲೇ ಇರಬಹುದು. ಕೈಯಲ್ಲಿ ಕರಾರಿನ ಕಾಗದ ಹಿಡಿದು ದಿಕ್ಕು ತೋಚದೆ ಕೂತಾಗ ಮೊದಲು ಅದನ್ನು ಪೂರ್ತಿ ಓದಿ, ಆಮೇಲೆ ನಿಮ್ಮಂತೆಯೇ ಕೂತಿರುವ ಇನ್ನೊಬ್ಬರನ್ನು ಹುಡುಕಿ, ಇಬ್ಬರೂ ಸೇರಿ ಹೋಗಿ ಕೇಳಿ. ಕೇಳುವುದು ನಿಮ್ಮ ಹಕ್ಕು. ಕೇಳಿ ಒಪ್ಪಿದ್ದಕ್ಕೆ ಬದ್ಧರಾಗಿರುವುದು ನಿಮ್ಮ ಧರ್ಮ. ಇವೆರಡನ್ನೂ ಬಿಡದೆ ದುಡಿಯಿರಿ ಮಕ್ಕಳೇ, ನಿಮಗೆ ಒಳ್ಳೆಯದಾಗಲಿ.